ಭೂಮಿ ಹುಣ್ಣಿಮೆ ಬುಟ್ಟಿ ಈ ಸಲ ನಾನೇ ಬರೀಬೇಕು, ಗೊತ್ತಿದ್ದೋರು ದಯವಿಟ್ಟು ಹೇಳಿಕೊಡಿ

ಕೆರೆಕೈ ಸೊಸೆ, ಸಾಗರ ಕಡೆ
24 ಸೆಪ್ಟೆಂಬರ್ 2025

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೊಳ್ದೆ ಓದಿ.

ನಮ್ದು ತಾಳಗುಪ್ಪದಿಂದ ಒಳಗಡೆ ಊರು. ದಿನಾ ಒಂದೇ ಒಲೆಲಿ ಉಣ್ಣೋರು 14 ಜನ, ಮಾವ ಅತ್ತೆ, ಚಿಕ್ಕಮಾವ ಚಿಕ್ಕತ್ತೆ, ನಾವು ಮೂರು ಜನ ಸೊಸೆಯಂದಿರು, ಗಂಡಂದಿರು, ನಾಲ್ಕು ಮಕ್ಕಳು. ಹಬ್ಬಕ್ಕೆ ಇಬ್ಬರು ನಾದಿನಿಯರ ಮನೆಯೋರು, ಬೆಂಗಳೂರಿಂದ ಚಿಕ್ಕಮಾವನ ಮಗ ಸೊಸೆ ಎಲ್ಲ ಸೇರಿದ್ರೆ 24 ಆಗ್ತದೆ. ಭೂಮಣ್ಣಿ ಬುಟ್ಟಿ ಬರೆಯದು, ಅಂದ್ರೆ ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಹೊತ್ತೊಯ್ಯೋ ಬಿದಿರು ಬುಟ್ಟಿಗೆ ಚಿತ್ತಾರ ಬರೆಯದು, ಇಷ್ಟು ವರ್ಷ ಅತ್ತೆದೇ ಕೆಲಸ. ನಾನು ಈ ಮನೆಗೆ ಬಂದು 17 ವರ್ಷ ಆತು, ಒಂದು ಸಲನೂ ಚಿತ್ತಾರ ಬರೆಯೋ ಪುಂಡಿ ನಾರು ಕೈಲಿ ಹಿಡಿದೋಳಲ್ಲ, ಯಾಕಂದ್ರೆ ಆ ಹೊತ್ತಲ್ಲಿ ನಾನು ಯಾವಾಗ್ಲೂ ಅಡುಗೆ ಮನೆಲಿ, ಅತ್ತೆ ಜಗಲಿ ಮೇಲೆ ಕೂತು ಬರಿತಿದ್ರು, ಟೀ ಕೊಡಕ್ಕೆ ಹೋದಾಗ ನಿಂತು ನೋಡಿದ್ದಷ್ಟೆ. ಈ ಸಲ ಮಳೆಗಾಲ ಹಿಡಿಯೋ ಹೊತ್ತಿಗೆ ಅವರಿಗೆ ಲಕ್ವ ಹೊಡೀತು, ಬಲಗೈ ಏಳಲ್ಲ, ಮಾತು ತೊದಲ್ತದೆ, ನಾವು ಹೇಳಿದ್ದೆಲ್ಲ ತಿಳೀತದೆ ಆದ್ರೆ ಅವರು ಹೇಳಿದ್ದು ನಮಗೆ ಅರ್ಧ ತಿಳಿಯಲ್ಲ.

ದೊಡ್ಡ ನಾದಿನಿ ಹೇಳ್ತಾಳೆ ಪೇಟೆಲಿ ಬರೆದಿರೋ ಬುಟ್ಟಿ ಸಿಗ್ತದೆ ತಗೊಂಡ್ರಾತು ಅತ್ತಿಗೆ, ನಿಂಗೆ ಇರೋ ಕೆಲಸವೇ ಸಾಕು ಅಂತ. ನಮ್ಮೋರು ಪೇಂಟ್ ಡಬ್ಬ ತಂದುಕೊಡ್ತೀನಿ ಅಂತಾರೆ. ಇಬ್ಬರೂ ನನ್ನ ಮೇಲಿನ ಕಾಳಜಿಗೇ ಹೇಳೋದು. ಆದ್ರೆ ಮೊನ್ನೆ ನವರಾತ್ರಿ ಕೂತ ದಿನ ಅತ್ತೆ ಎಡಗೈಲಿ ಅಟ್ಟದ ಕಡೆ ತೋರಿಸ್ತಾ ಇದ್ರು, ನೀರು ಬೇಕಾ ಅಂದೆ, ಕಂಬಳಿ ಬೇಕಾ ಅಂದೆ, ಅಲ್ಲ ಅಲ್ಲ ಅಂತ ತಲೆ ಆಡಿಸಿದ್ರು, ಕೊನೆಗೆ ಮಗ ಹತ್ತಿ ನೋಡಿದ್ರೆ ಹಳೇ ಬುಟ್ಟಿ. ಅವತ್ತಿಂದ ಕೊಂಡು ತರಕ್ಕೆ ಮನಸ್ಸು ಒಪ್ತಾ ಇಲ್ಲ. ಅಕ್ಟೋಬರ್ 6ರ ರಾತ್ರಿ ಅಡುಗೆ, 7ರ ಬೆಳಗಿನ ಜಾವ ಗದ್ದೆ. ಕೈಲಿರೋದು ಎರಡು ವಾರ ಇಲ್ಲ. ಎಲ್ಲಿಂದ ಶುರು ಮಾಡದು?

ಸೊರಬದ ಅಕ್ಕ
24 ಸೆಪ್ಟೆಂಬರ್ 2025

ತಂಗಿ ಎರಡು ವಾರ ಬೇಕಾದಷ್ಟಾತು, ಹೆದರಬೇಡ. ನಾವೆಲ್ಲ ಮಹಾನವಮಿ ಕಳೆದ ಮೇಲೇ ಬರೆಯೋದು.

ಮೊದ್ಲು ಬುಟ್ಟಿಗೆ ಸಗಣಿ ಬಳಿ, ಬಿದಿರು ಹೆಣಿಗೆ ಸಂದೆಲ್ಲ ಮುಚ್ಚಬೇಕು, ಒಂದು ಕೈ ಒಣಗಿದ ಮೇಲೆ ಇನ್ನೊಂದು ಕೈ. ಈ ವರ್ಷ ಹಸ್ತ ಮಳೆ ಬಿಡುವು ಕೊಡದಿದ್ರೆ ಬಿಸಿಲಿಗೆ ಕಾಯಬೇಡ, ಒಲೆ ಮೇಲಿನ ಅಟ್ಟಕ್ಕೆ ಇಡು, ಹೊಗೆ ಬಿಸಿಗೆ ಒಣಗ್ತದೆ. ಆಮೇಲೆ ಕೆಮ್ಮಣ್ಣು. ಅದನ್ನ ನೀರಲ್ಲಿ ನೆನೆಸಿ ಬಟ್ಟೇಲಿ ಸೋಸು, ಹರಳಿದ್ರೆ ಎಳೆ ಅಲ್ಲೇ ಕಡೀತದೆ. ಬಿಳಿಗೆ ಅಕ್ಕಿ ರಾತ್ರಿ ನೆನೆಹಾಕಿ ಒರಳಲ್ಲಿ ನುಣ್ಣಗೆ ತಿರುವು, ಮಿಕ್ಸಿ ಆದ್ರೆ ಎರಡು ಮೂರು ಸಲ ತಿರುವಿ ಬಟ್ಟೇಲಿ ಹಿಂಡು. ಹದ ಹೆಂಗಂದ್ರೆ ಎಮ್ಮೆ ಹಾಲಿನಂಗೆ, ನೀರಾದ್ರೆ ಒಣಗಿದ ಮೇಲೆ ಕಾಣಲ್ಲ, ಗಟ್ಟಿಯಾದ್ರೆ ಸಿಪ್ಪೆ ಏಳ್ತದೆ. ಪುಂಡಿ ನಾರು ಬೆರಳುದ್ದ ಕತ್ತರಿಸಿ ತುದಿ ಜಜ್ಜಿ ಬಿಡಿಸು. ಪೇಂಟ್ ಬ್ರಷ್ಷಲ್ಲಿ ಆ ಎಳೆ ಬರಲ್ಲ, ಅದು ಮೆತ್ತಗೆ ಹರಡ್ತದೆ, ಪುಂಡಿ ಬಿರುಸು, ಎಳೆದಷ್ಟೇ ಹೋಗ್ತದೆ.

ಎರಡು ಬುಟ್ಟಿ ಅನ್ನೋದು ಮರೀಬೇಡ, ದೊಡ್ಡದು ಎಡೆಗೆ, ಚಿಕ್ಕದು ಗದ್ದೆಗೆ ಬೀರೋ ಹಚ್ಚಂಬಲಿಗೆ. ಚಿಕ್ಕದರಲ್ಲಿ ಕೈ ಪಳಗಿಸ್ಕೋ. ಬಾಯಿ ಕಡೆಯಿಂದ ಸುತ್ತ ಎರಡು ಎಳೆ ಎಳೆದು ಪಟ್ಟಿ ಮಾಡ್ಕೊಂಡ್ರೆ ಉಳಿದದ್ದು ಅದರೊಳಗೆ ಕೂರ್ತದೆ. ಏಣಿ, ಭತ್ತದ ಸಸಿ ಚಿತ್ತಾರ ಸುಲಭ. ಜೋಗಿ ಜಡೆಗೆ ಮೊದಲನೇ ವರ್ಷವೇ ಕೈ ಹಾಕಬೇಡ. ತಪ್ಪಾದ್ರೆ ಹಸಿ ಇರ್ವಾಗ್ಲೇ ಒದ್ದೆ ಬಟ್ಟೇಲಿ ಒರೆಸಿ ಅಷ್ಟಕ್ಕೇ ಕೆಮ್ಮಣ್ಣು ಹಚ್ಚು.

ಪೇಂಟ್ ಬೇಡವೇ ಬೇಡ. ಅದರಲ್ಲಿ ಅನ್ನ ಕಡುಬು ಇಟ್ಟು ಭೂಮಿಗೆ ಎಡೆ ಹಿಡಿಯೋದು. ಇನ್ನೊಂದು ಮಾತು, ಬರಿವಾಗ ಅತ್ತೆನ ಪಕ್ಕದಲ್ಲೇ ಕೂರಿಸ್ಕೋ. ಕೈ ಹೋಗಿರಬಹುದು, ಕಣ್ಣು ಹೋಗಿಲ್ಲ.

ತೋಟದಮನೆ ತೀರ್ಥಹಳ್ಳಿ
25 ಸೆಪ್ಟೆಂಬರ್ 2025

ಅಕ್ಕ ಹೇಳಿದ್ದೆಲ್ಲ ಸರಿ. ನಮ್ಮನೇಲಿ ಬುಟ್ಟಿ ಬರೆಯೋ ಪದ್ಧತಿ ಇಲ್ಲ, ಅದರ ಬಗ್ಗೆ ಮಾತಾಡಲ್ಲ. ಆದ್ರೆ ದೊಡ್ಡ ಮನೆ ನಡೆಸಿದ ಅನುಭವದಲ್ಲಿ ಒಂದು ಹೇಳ್ತೀನಿ, ಮೊದ್ಲು ಕೈ ಎಷ್ಟಿದಾವೆ ಅಂತ ಎಣಿಸಿ. ಈಗಿಂದ ದೀಪಾವಳಿವರೆಗೆ ಒಂದರ ಮೇಲೊಂದು ಬೀಳ್ತದೆ. ನವರಾತ್ರಿ, ಹುಣ್ಣಿಮೆ, ದೊಡ್ಡಬ್ಬ ಅಂದ್ರೆ ದೀಪಾವಳಿ, ಅದರ ಬೆನ್ನಿಗೇ ಅಡಿಕೆ ಕೊನೆ ಕೊಯ್ಲು. ಮಧ್ಯ ಮಳೆ ಹಿಡಿದ್ರೆ ಕೊಳೆರೋಗ ಬಂದ ತೋಟಕ್ಕೆ ಮತ್ತೊಂದು ಸಲ ಬೋರ್ಡೋ ದ್ರಾವಣ ಹೊಡೀಬೇಕು, ಮೈಲುತುತ್ತ 1 ಕೆಜಿ ಸುಣ್ಣ 1 ಕೆಜಿ 100 ಲೀಟರ್ ನೀರು ಅಂತ ಲೆಕ್ಕ ಹೇಳೋದು ಸುಲಭ, ಮರ ಹತ್ತೋರು ಬೇಕಲ್ಲ. ಒಬ್ಬರೇ ಎಲ್ಲಾ ಮೈಮೇಲೆ ಹಾಕ್ಕೊಂಡ್ರೆ ನೀವೂ ಮಲಗ್ತೀರ. ನಿಮ್ಮ ಅತ್ತೆ ಬುಟ್ಟಿ ಬರಿತಿದ್ದಾಗ ಅಡುಗೆಗೆ ನೀವಿದ್ರಿ. ಈಗ ನೀವು ಬುಟ್ಟಿಗೆ ಕೂತ್ರೆ ಒಲೆ ಮುಂದೆ ಯಾರು? ಅದನ್ನ ಮೊದ್ಲು ತೀರ್ಮಾನ ಮಾಡಿ.

ಕೆರೆಕೈ ಸೊಸೆ
25 ಸೆಪ್ಟೆಂಬರ್ 2025

ತೋಟದಮನೆಯೋರೆ ನೀವು ಹೇಳಿದ್ದು ಎದೆಗೆ ತಾಗ್ತು, ನಾನು ಆ ಲೆಕ್ಕವೇ ಹಾಕಿರಲಿಲ್ಲ. ರಾತ್ರಿ ಊಟ ಆದ್ಮೇಲೆ ಎಲ್ಲರ ಮುಂದೆ ಹೇಳಿದೆ, ದಿನಾ ಮಧ್ಯಾಹ್ನ ಎರಡು ತಾಸು ನನ್ನ ಬಿಟ್ಟುಬಿಡಿ ಅಂತ. ಎರಡನೇಯವಳು ತಕ್ಷಣ ಸಂಜೆ ಅಡುಗೆ ನಂದು ಅಂದ್ಲು. ಕಡೆಯವಳು ಅಂಗನವಾಡಿ ಕೆಲಸಕ್ಕೆ ಹೋಗೋಳು, ಅವಳು ಅತ್ತೆ ಸ್ನಾನ ಬಟ್ಟೆ ನೋಡ್ಕೋತೀನಿ ಅಂದ್ಲು. ಅಕ್ಕ, ಪುಂಡಿ ಎಲ್ಲಿ ಸಿಗ್ತದೆ? ನಮ್ಮ ಹಿತ್ತಲಲ್ಲಿ ಮೊದ್ಲಿತ್ತು, ಈಗ ಒಂದೂ ಗಿಡ ಇಲ್ಲ.

ತುಮರಿ ಹುಡುಗ
26 ಸೆಪ್ಟೆಂಬರ್ 2025

ಪುಂಡಿ ನಮ್ಮನೆ ಹತ್ರ ಇದೆ. ಅಜ್ಜಿ ಇನ್ನೂ ಬೆಳಿತಾಳೆ. ಭಾನುವಾರ ಅಮ್ಮನ್ನ ಸಾಗರಕ್ಕೆ ಕರ್ಕೊಂಡು ಬರ್ತಾ ಇದೀನಿ, ತರ್ತೀನಿ.

ಈಗ ಶರಾವತಿ ಹಿನ್ನೀರಿಗೆ ಸೇತುವೆ ಆದ್ಮೇಲೆ ಇಂತದ್ದೆಲ್ಲ ಎಷ್ಟು ಸಲೀಸು ಆಗಿದೆ ಅಂದ್ರೆ ಹೊರಗಿನೋರಿಗೆ ಹೇಳಿದ್ರೆ ತಿಳಿಯಲ್ಲ. ಜುಲೈ 14ಕ್ಕೆ ಓಪನ್ ಆತಲ್ಲ, ಅಂಬಾರಗೋಡ್ಲಿಂದ ಕಳಸವಳ್ಳಿಗೆ 2.44 ಕಿಲೋಮೀಟರ್, ಬೈಕಲ್ಲಿ ನಾಲ್ಕೈದು ನಿಮಿಷ. ಲಿಂಗನಮಕ್ಕಿ ಡ್ಯಾಂ ಆಗಿದ್ದು 1964ರಲ್ಲಿ, ಅವಾಗಿಂದ ನಮ್ಮ ಕಡೆಯೋರು ಲಾಂಚ್ ಕಾಯ್ದಿದ್ದೇ ಕಾಯ್ದಿದ್ದು. ನಮ್ಮಮ್ಮಂದು ತವರು ಸಾಗರ ಕಡೆ. ಭೂಮಿ ಹುಣ್ಣಿಮೆ ರಾತ್ರಿ ಹಬ್ಬ ಅಲ್ವ, ಕತ್ತಲಾದ್ರೆ ಲಾಂಚ್ ಇಲ್ಲ, ಬೆಳಗಿನ ಜಾವ ಇಲ್ಲ, ಹಾಗಾಗಿ ಮದ್ವೆಯಾದ ಮೇಲೆ ಅವಳು ತವರಲ್ಲಿ ಒಂದು ಸಲನೂ ಹುಣ್ಣಿಮೆ ನೋಡಿಲ್ಲ. ಗಂಡನ ಮನೆ ಗದ್ದೆಲೂ ಹಬ್ಬ ಅವತ್ತೇ. ಈ ಸಲ ರಾತ್ರಿ ಇಲ್ಲಿ ಅಡುಗೆ ಮುಗಿಸಿ, ನಮ್ಮ ಗದ್ದೆ ಪೂಜೆ ಆಗಿದ್ದೇ ಹೊರಟು ತವರಿನ ಗದ್ದೆಲಿ ಉಣ್ಣೋದು ಅಂತ ಪ್ಲಾನ್ ಮಾಡಿದಾಳೆ. ಸೀರೆ ಈಗ್ಲೇ ತೆಗೆದಿಟ್ಟಿದಾಳೆ.

ಅಮಟೆಕಾಯಿ
27 ಸೆಪ್ಟೆಂಬರ್ 2025

ತುಮರಿ ಹುಡುಗ, ನಿಮ್ಮಮ್ಮಂಗೆ ನಮಸ್ಕಾರ ಹೇಳಪ್ಪ.

ನಾನು ಹೊಸನಗರದೋಳು. ಬುಟ್ಟಿ ಮಾತು ಅಕ್ಕ ಹೇಳಿದಾರೆ, ನಾನು ಹಚ್ಚಂಬಲಿಗೆ ಹಾಕೋ ಬೆರಕೆ ಸೊಪ್ಪಿನ ಬಗ್ಗೆ ಹೇಳ್ತೀನಿ, ದೊಡ್ಡ ಮನೇಲಿ ಅದನ್ನ ಮಕ್ಕಳಿಗೆ ಬಿಡ್ತಾರೆ, ಅದಕ್ಕೇ. ನಮ್ಮಜ್ಜಿ ಕಾಲದಲ್ಲಿ ಮಕ್ಕಳೇ ಹೋಗಿ ಮಡಿಲು ತುಂಬ ಕಿತ್ತು ತರ್ತಿದ್ವಿ, ಗಣಿಕೆ, ಕನ್ನೆ, ಒಂದೆಲಗ, ಹೊನಗೊನೆ, ಎಲವರಿಗೆ, ಕೆಸು, ಕುಂಬಳದ ಕುಡಿ, ಎಷ್ಟು ಬಗೆ ಸಿಕ್ತೋ ಅಷ್ಟು. ಈಗ ಹಂಗೆ ಕಳಿಸಬೇಡಿ. ಒಂದು, ಈಗಿನ ಮಕ್ಕಳಿಗೆ ಗುರುತು ಸಿಗಲ್ಲ, ಗೊತ್ತಿಲ್ಲದ ಎಲೆ ಒಂದೂ ಬುಟ್ಟಿಗೆ ಬೀಳಬಾರದು. ಎರಡು, ತೋಟದ ಅಂಚು ರಸ್ತೆ ಬದಿ ಎಲ್ಲ ಕಳೆನಾಶಕ ಹೊಡಿತಾ ಇದಾರೆ. ಹೊಡೆದ ಎರಡು ಮೂರು ದಿನ ಗಿಡ ಹಸಿರಾಗೇ ಇರ್ತದೆ, ನೋಡಿದ್ರೆ ತಿಳಿಯಲ್ಲ. ಅದನ್ನ ಕಿತ್ತು ತಂದು ಬೇಯಿಸಿ ಭೂಮಿತಾಯಿಗೆ ಬಡಿಸೋದು ಅಂದ್ರೆ ಹೊಟ್ಟೆ ಉರೀತದೆ ನಂಗೆ. ಎಲ್ಲಿ ಹೊಡೆದಿಲ್ಲ ಅಂತ ಖಾತ್ರಿ ಇದೆಯೋ ಅಲ್ಲೇ ಕೀಳಿ, ನೂರೊಂದು ಬಗೆ ಆಗ್ಬೇಕು ಅಂತ ಹಟ ಬೇಡ, ಹದಿನೈದಾದ್ರೂ ಸಾಕು. ಕೆಸು ಹಾಕಿದ್ರೆ ಹುಳಿ ಚೆನ್ನಾಗಿ ಹಾಕಿ, ಅಮಟೆಕಾಯಿ ಜಜ್ಜಿ ಹಾಕಿದ್ರೆ ಗಂಟಲು ತುರಿಕೆ ತಡೀತದೆ, ಮತ್ತೆ ಪೂರಾ ಬೇಯಬೇಕು.

ಗಣತಿ ಮೇಷ್ಟ್ರು
28 ಸೆಪ್ಟೆಂಬರ್ 2025

ನಾನು ಶಾಲೆ ಮೇಷ್ಟ್ರು, ಈಗ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಡ್ಯೂಟಿಲಿ ಮನೆಮನೆ ತಿರುಗ್ತಾ ಇದೀನಿ. ಇಂತ ದೊಡ್ಡ ಮನೆಯೋರಿಗೆ ಒಂದು ವಿನಂತಿ. ಪ್ರಶ್ನೆ 60 ಇದಾವೆ. ನಿನ್ನೆ 16 ಜನ ಇರೋ ಮನೆಲಿ ಕೂತೆ, ಹೋಗಿದ್ದು ಹನ್ನೊಂದಕ್ಕೆ, ಎದ್ದಿದ್ದು ಸಂಜೆ. ಆಧಾರ್ ಒಂದು ಕಪಾಟಲ್ಲಿ, ರೇಷನ್ ಕಾರ್ಡ್ ಇನ್ನೊಂದು ಕಡೆ, ಒಟಿಪಿ ಬರೋ ಮೊಬೈಲ್ ತೋಟಕ್ಕೆ ಹೋಗಿದೆ, ನೆಟ್‌ವರ್ಕಿಗೆ ಗುಡ್ಡ ಹತ್ತಬೇಕು. ಹಬ್ಬದ ಅಡುಗೆ ದಿನ ನಾವು ಬಂದು ನಿಂತ್ರೆ ನಿಮಗೂ ಕಷ್ಟ ನಮಗೂ ಸಂಕಟ. ಎಲ್ಲರ ಕಾರ್ಡು ಒಂದು ಚೀಲದಲ್ಲಿ ಹಾಕಿಟ್ಟಿರಿ. ನಮ್ಮನೇಲೂ ಗದ್ದೆ ಇದೆ, ಈ ಸಲ ಬುಟ್ಟಿ ಹೊರೋದು ನಾನಾಗಬೇಕಿತ್ತು, ತಮ್ಮಂಗೆ ಹೇಳಿದೀನಿ.

ಹೊಸನಗರದವ, ಈಗ ಬೆಂಗಳೂರು
28 ಸೆಪ್ಟೆಂಬರ್ 2025

ಇದನ್ನೆಲ್ಲ ಓದ್ತಾ ಕೂತಿದೀನಿ. ಮೇ ತಿಂಗಳಲ್ಲಿ ಅಪ್ಪ ಹೋದ್ರು. ಅವರ ವರ್ಷದ ತಿಥಿ ಆಗೋವರೆಗೆ ಹಬ್ಬ ಇಲ್ಲ. ಅಮ್ಮ ಫೋನಲ್ಲಿ ಒಂದೇ ಮಾತು ಹೇಳ್ತಾಳೆ, ನಮಗೆ ಹಬ್ಬ ಇಲ್ಲ ಸರಿ, ಗದ್ದೆಗೆ ಹೊಡೆ ಬಂದಿದೆಯಲ್ಲ, ಭೂಮಿ ಈಗ ಬಸುರಿ, ಬಸುರಿನ ಬರಿಹೊಟ್ಟೆಲಿ ಬಿಡೋದಾ ಅಂತ. ಏನು ಉತ್ತರ ಕೊಡ್ಲಿ ಗೊತ್ತಾಗ್ತಾ ಇಲ್ಲ. ನಿಮ್ಮ ಕಡೆ ಇಂತ ವರ್ಷ ಏನು ಮಾಡ್ತಾರೆ?

ಸೊರಬದ ಅಕ್ಕ
28 ಸೆಪ್ಟೆಂಬರ್ 2025

ತಮ್ಮಾ, ನಮ್ಮೂರಲ್ಲಿ ಅಂತ ಮನೆಯೋರ ಗದ್ದೆಗೆ ಪಕ್ಕದ ಗದ್ದೆಯೋರು ಚರಗ, ಅಂದ್ರೆ ಭೂಮಿಗೆ ಬೀರೋ ಎಡೆ, ಬೀರ್ತಾರೆ. ತಮ್ಮದು ಬೀರ್ತಾ ಬದು ದಾಟಿ ಅವರದ್ದಕ್ಕೂ ಬೀರಿ ಮುಂದೆ ಹೋಗೋದು. ನೀನು ಪಕ್ಕದೋರಿಗೆ ಒಂದು ಫೋನ್ ಮಾಡು. ಮಾಡ್ತಾರೆ. ಅಮ್ಮಂಗೆ ಹೇಳು, ಭೂಮಿತಾಯಿ ಹೊಟ್ಟೆ ತುಂಬಾ ಉಂಡೇ ಹೋಗ್ತಾಳೆ ಅಂತ.

ತೋಟದಮನೆ ತೀರ್ಥಹಳ್ಳಿ
29 ಸೆಪ್ಟೆಂಬರ್ 2025

ಅಕ್ಕ ಹೇಳಿದ್ದು ಓದಿ ನಂದೂ ಒಂದು ಹೇಳಬೇಕು ಅನಿಸ್ತು. ನಮ್ದು ಮೂರು ಜನ ಅಣ್ಣತಮ್ಮಂದಿರು, ಪಾಲಾಗಿ ನಾಲ್ಕು ವರ್ಷ ಆತು, ಒಲೆ ಮೂರು. ಪಾಲಾದ ಮೊದಲನೇ ವರ್ಷ ಹುಣ್ಣಿಮೆಗೆ ಮೂರು ಜನನೂ ಬೇರೆ ಬೇರೆ ಅಡುಗೆ ಮಾಡಿ ಬೇರೆ ಬೇರೆ ಹೊತ್ತಲ್ಲಿ ಅವರವರ ಗದ್ದೆಗೆ ಹೋದ್ವಿ. ಅಪ್ಪ ಎಲ್ಲಿಗೂ ಬರಲಿಲ್ಲ, ಜಗಲಿ ಮೇಲೇ ಕೂತಿದ್ರು, ಮೂರು ಮನೆಯಿಂದ ಎಡೆ ಬಂತು, ಮುಟ್ಟಲಿಲ್ಲ. ಆ ತಪ್ಪು ನಂದು, ನಾನೇ ದೊಡ್ಡವನು, ನಾನೇ ಕರೀಬೇಕಿತ್ತು. ಮರುವರ್ಷದಿಂದ ಅಡುಗೆ ಮೂರು ಮನೇಲೂ ಹಂಚ್ಕೊಂಡು ಮಾಡ್ತೀವಿ, ಕಡುಬು ನಮ್ಮನೆ, ಪಲ್ಯ ನಡುವಿನೋನ ಮನೆ, ಪಾಯಸ ಅನ್ನ ಚಿಕ್ಕೋನ ಮನೆ, ಹೋಗೋದು ಒಟ್ಟಿಗೆ, ಊಟ ಒಂದೇ ಕಣದಲ್ಲಿ. ಬದು ಮಾತ್ರ ಹಂಗೇ ಇದೆ.

ಕೆರೆಕೈ ಸೊಸೆ
3 ಅಕ್ಟೋಬರ್ 2025

ಎಲ್ಲರಿಗೂ ಉತ್ತರ ಕೊಡಕ್ಕಾಗಿಲ್ಲ, ಕ್ಷಮಿಸಿ. ಪುಂಡಿ ಬಂತು. ಚೀಲದ ಕೆಲಸ ಮೇಷ್ಟ್ರು ಹೇಳಿದಂಗೆ ಮಾಡಿಟ್ಟಿದ್ವಿ, ನಮ್ಮೂರಿಗೆ ಬಂದ ಟೀಚರಮ್ಮ ಒಂದೂವರೆ ತಾಸಲ್ಲಿ ಮುಗಿಸಿ ಊಟ ಮಾಡ್ಕೊಂಡು ಹೋದ್ರು.

ಬುಟ್ಟಿ ಸುದ್ದಿ. ಮೊದಲ ಎರಡು ದಿನ ನಂಗೆ ಬರಲೇ ಇಲ್ಲ. ಎಳೆ ಶುರುವಲ್ಲಿ ದಪ್ಪ, ಕೊನೆಗೆ ಸಣ್ಣ. ಅತ್ತೆ ಪಕ್ಕದಲ್ಲಿ ದಿಂಬಿಗೆ ಒರಗಿ ಕೂತಿರ್ತಾರೆ, ತಪ್ಪಾದ್ರೆ ಎಡಗೈಲಿ ನೆಲ ತಟ್ಟುತ್ತಾರೆ. ಒಂದು ಸಲ ತಟ್ಟಿದ್ರೆ ಒರೆಸು, ಎರಡು ಸಲ ತಟ್ಟಿದ್ರೆ ನಾರು ಅದ್ದು ಅಂತ. ಇದು ನಂಗೆ ತಿಳಿಯೋಕೇ ಒಂದು ಮಧ್ಯಾಹ್ನ ಹೋತು. ನಾನು ಬುಟ್ಟಿ ತಿರುಗಿಸ್ದೆ ಕೈ ತಿರುಗಿಸ್ತಾ ಇದ್ದೆ, ಅದೇ ತಪ್ಪಂತೆ, ಕೈ ಇದ್ದಲ್ಲೇ ಇರಬೇಕು ಬುಟ್ಟಿ ಸುತ್ತಬೇಕು. ಅವರು ತಮ್ಮ ಎಡಗೈಲಿ ಬುಟ್ಟಿ ಬಾಯಿ ಹಿಡಿದು ನಿಧಾನಕ್ಕೆ ತಿರುಗಿಸಿದ್ರು, ನಾನು ನಾರು ಹಿಡಿದೆ, ಅವಾಗ ನೆಟ್ಟಗೆ ಬಂತು. ಈಗ ಹಂಗೇ ಮಾಡ್ತಾ ಇದೀವಿ.

ಇನ್ನೊಂದು ವಿಷಯ ಕೇಳಬೇಕು. ನಮ್ಮ ಎರಡನೇ ಮೈದುನನ ಮಗ, ಹತ್ತು ವರ್ಷದೋನು, ದಸರಾ ರಜೆ ಅಲ್ವ, ನಮ್ಮ ಪಕ್ಕವೇ ಕೂತಿರ್ತಾನೆ. ಶಿವಮೊಗ್ಗಕ್ಕೆ ಸಕ್ರೆಬೈಲು ಆನೆ ಅಂಬಾರಿ ನೋಡಕ್ಕೆ ಎಲ್ಲ ಮಕ್ಕಳೂ ಹೋದ್ರು, ಇವನು ಹೋಗ್ಲಿಲ್ಲ. ಮೊನ್ನೆ ನಾನು ಒಲೆ ಹತ್ರ ಹೋಗಿ ಬರೋದ್ರೊಳಗೆ ಚಿಕ್ಕ ಬುಟ್ಟಿಗೆ ಎರಡು ಸಾಲು ಭತ್ತದ ಸಸಿ ಬರೆದಿದ್ದ, ನನ್ನದಕ್ಕಿಂತ ಚೆಂದ ಇತ್ತು. ಚಿಕ್ಕತ್ತೆ ನೋಡಿ ಗಂಡುಹುಡುಗ ಬುಟ್ಟಿ ಬರೆಯೋ ಹಂಗಿಲ್ಲ ಅಂದ್ರು. ನಿಮ್ಮಲ್ಲಿ ಹೆಂಗೆ?

ಅಮಟೆಕಾಯಿ
3 ಅಕ್ಟೋಬರ್ 2025

ನಾನು ನಿಮ್ಮ ಚಿಕ್ಕತ್ತೆ ಕಡೆ. ತಪ್ಪು ತಿಳೀಬೇಡಿ. ಹೆಣ್ಣುಮಕ್ಕಳು ಬರೀತಾರೆ, ಗಂಡುಮಕ್ಕಳು ತಲೆ ಮೇಲೆ ಹೊರ್ತಾರೆ, ಹಿಂದಿಂದ ಹಂಗೆ ಬಂದಿದೆ. ಆ ಎರಡು ವಾರ ಜಗಲಿ ಮೇಲೆ ಕೂತು ಬರೆಯೋ ಹೊತ್ತೊಂದೇ ನಮ್ಮವ್ವಂಗೆ ಇಡೀ ವರ್ಷದಲ್ಲಿ ಅವಳದ್ದು ಅಂತ ಇದ್ದ ಹೊತ್ತು, ಯಾರೂ ನೀರು ತಾ ಅನ್ನಂಗಿಲ್ಲ. ಅದನ್ನೂ ಹಂಚಬೇಕಾ ಅಂತ ನನ್ನ ಸಂಕಟ.

ತುಮರಿ ಹುಡುಗ
3 ಅಕ್ಟೋಬರ್ 2025

ಅಕ್ಕ ನೀವು ಹೇಳೋದು ಹೌದು, ಆದ್ರೆ ಪುಂಡಿ ಕೂಡ ಹಂಗೇ ಹೋಗಿದ್ದು. ಬೆಳೆಯೋ ಮನೆಯಲ್ಲಿ ಹೆಂಗಸರು ಬೆಳೆಯೋದು ನಿಲ್ಲಿಸಿದ್ರು, ಗಂಡಸರು ಅದು ನಮ್ಮ ಕೆಲಸ ಅಲ್ಲ ಅಂದ್ರು, ನಮ್ಮೂರಲ್ಲಿ ಈಗ ಎರಡೇ ಮನೇಲಿ ಇರೋದು. ಕೈಗೆ ಬರೋನು ಬರೀಲಿ.

ಸೊರಬದ ಅಕ್ಕ
4 ಅಕ್ಟೋಬರ್ 2025

ಇದು ನಾವು ನೀವು ತೀರ್ಮಾನ ಮಾಡೋದಲ್ಲ. ಬುಟ್ಟಿ ಆ ಮನೆ ಹಿರಿಯಳದ್ದು, ಅವಳನ್ನ ಕೇಳಿ. ಅತ್ತೆ ನೆಲ ತಟ್ಟಿದ್ರಾ ಇಲ್ವಾ?

ಕೆರೆಕೈ ಸೊಸೆ
4 ಅಕ್ಟೋಬರ್ 2025

ತಟ್ಟಿಲ್ಲ ಅಕ್ಕ. ಇವತ್ತು ಮತ್ತೆ ಕೇಳಿದೆ, ಚಿಕ್ಕತ್ತೆ ಎದುರಿಗೇ. ಅತ್ತೆ ಅವನ ಕಡೆ ನೋಡಿ ಬುಟ್ಟಿ ತಿರುಗಿಸಿದ್ರು. ಚಿಕ್ಕತ್ತೆ ಏನೂ ಅನ್ನಲಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಅವನಿಗೆ ಅಂತ ಒಂದು ಹೊಸ ನಾರು ಜಜ್ಜಿ ತಂದುಕೊಟ್ರು. ಅಮಟೆಕಾಯಿ ಅಕ್ಕ ನೀವು ಹೇಳಿದ ಮಾತು ಮಾತ್ರ ನನ್ನ ತಲೇಲಿ ಕೂತಿದೆ. ಅತ್ತೆಗೂ ಅದೊಂದೇ ಅವರದ್ದು ಅಂತ ಇದ್ದ ಹೊತ್ತು ಇರಬೇಕು, ನಾನು 17 ವರ್ಷ ಅದನ್ನ ಕೆಲಸ ಅಂದ್ಕೊಂಡಿದ್ದೆ.

ಕೆರೆಕೈ ಸೊಸೆ
8 ಅಕ್ಟೋಬರ್ 2025

ಹಬ್ಬ ಆತು. ನಿನ್ನೆ ಊಟ ಮಾಡಿ ಮಲಗಿದೋಳು ಇವತ್ತು ಎದ್ದು ಬರಿತಾ ಇದೀನಿ.

6ರ ಸಂಜೆ ಎಲ್ಲ ಹೆಂಗಸರೂ ಸ್ನಾನ ಮಾಡಿ ಒಲೆ ಹಚ್ಚಿದ್ವಿ. ಎರಡು ಒಲೆ ಒಳಗೆ, ಒಂದು ಹಿತ್ತಲಲ್ಲಿ. ಸೌತೆಕಾಯಿ ಕಡುಬಿಗೆ ತುರಿಯೋಕೆ ನಾದಿನಿಯರು, ಬಾಳೆಎಲೆ ಬಾಡಿಸೋಕೆ ಬೆಂಗಳೂರಿನ ಹೊಸ ಸೊಸೆ, ಅವಳಿಗೆ ಇದು ಮೊದಲನೇ ಹುಣ್ಣಿಮೆ, ಕೈ ಸುಟ್ಕೊಂಡ್ರೂ ಎದ್ದು ಹೋಗಲಿಲ್ಲ. ಬೆರಕೆ ಸೊಪ್ಪು 19 ಬಗೆ ಆತು, ಎಲ್ಲಾ ನಮ್ಮ ಗದ್ದೆ ಬದು ಮತ್ತೆ ಹಿತ್ತಲಿಂದು, ಬೇರೆ ಕಡೆ ಕಿತ್ತಿಲ್ಲ. ಅಮಟೆಕಾಯಿ ಹಾಕಿದ್ದೆ, ಯಾರಿಗೂ ತುರಿಸಲಿಲ್ಲ. ಏಳು ಬಗೆ ಪಲ್ಯ, ಅನ್ನ, ಪಾಯಸ, ಹೋಳಿಗೆ. ಮಾಡೋವಾಗ ಯಾರೂ ರುಚಿ ನೋಡೋ ಹಂಗಿಲ್ಲ, ಉಪ್ಪು ಎಲ್ಲ ಕೈ ಅಂದಾಜು, ಅದು ಇಷ್ಟು ವರ್ಷ ಅತ್ತೆ ಕೈ, ಈ ಸಲ ನನ್ನ ಕೈ. ಹೆದರಿಕೆ ಅದೇ ಇತ್ತು.

ಎರಡೂವರೆ ಹೊತ್ತಿಗೆ ಎರಡೂ ಬುಟ್ಟಿ ತುಂಬಿದ್ವಿ. ದೊಡ್ಡದು ನಮ್ಮೋರ ತಲೆ ಮೇಲೆ, ಚಿಕ್ಕದು ಮೈದುನನ ತಲೆ ಮೇಲೆ, ಮುಂದೆ ದೀಟಿಗೆ ಹಿಡ್ಕೊಂಡು ಮಾವ. ಮಕ್ಕಳೆಲ್ಲ ಎದ್ದು ಹಿಂದೆ ಓಡಿದ್ರು, ಮೂರು ವರ್ಷದೋಳು ಕೂಡ ಚಿಕ್ಕಪ್ಪನ ಹೆಗಲ ಮೇಲೆ. ನಾವು ಹೆಂಗಸರು ಬಾಗಿಲಲ್ಲಿ ನಿಂತು ಕೇಳಿಸ್ಕೋತಾ ಇದ್ವಿ, ಹಚ್ಚಂಬಲಿ ಹಾಲಂಬಲಿ ಅಂತ ಮಾವ ಕೂಗಿದ್ದು, ಆಮೇಲೆ ಎಲ್ಲರೂ ಸೇರಿ ಹೂಯ್ ಅಂದಿದ್ದು, ಅದಾದ್ಮೇಲೆ ಕೆಳಗಿನ ಮನೆಯೋರ ಗದ್ದೆಯಿಂದ, ಆಮೇಲೆ ಹೊಳೆ ಆಚೆಯಿಂದ. ದೀಟಿಗೆ ಬೆಳಕು ಅಲ್ಲೊಂದು ಇಲ್ಲೊಂದು ಕಾಣ್ತಿತ್ತು. ಮಧ್ಯ ಸ್ವಲ್ಪ ಹನಿ ಬಿತ್ತು, ಬುಟ್ಟಿ ಮೇಲೆ ಪ್ಲಾಸ್ಟಿಕ್ ಮುಚ್ಚಿದ್ರಂತೆ, ಆದ್ರೂ ಒಂದು ಕಡೆ ಕೆಮ್ಮಣ್ಣು ಇಳಿದು ಏಣಿ ಅರ್ಧ ಹೋಗಿದೆ.

ಬೆಳಗಾದ ಮೇಲೆ ಎಲ್ಲರೂ ಗದ್ದೆಗೆ ಹೋಗೋ ಹೊತ್ತಿಗೆ ಅತ್ತೆ ಮಂಚದಿಂದ ಕಾಲು ಕೆಳಗೆ ಹಾಕಿ ಕೂತಿದ್ರು, ಸೀರೆ ಸೆರಗು ಸರಿ ಮಾಡ್ಕೊಂಡು. ಲಕ್ವ ಹೊಡೆದ ಮೇಲೆ ಡಾಕ್ಟರ ಹತ್ರ ಬಿಟ್ಟು ಎಲ್ಲೂ ಹೋದೋರಲ್ಲ. ಯಾರೂ ಏನೂ ಮಾತಾಡಲಿಲ್ಲ, ನಮ್ಮೋರು ಒಂದು ಕಡೆ ಮೈದುನ ಒಂದು ಕಡೆ ಪ್ಲಾಸ್ಟಿಕ್ ಕುರ್ಚಿ ಎತ್ಕೊಂಡು ಬದು ಮೇಲೆ ನಡೆದ್ರು, ಕಡೆಯವನು ಮುಂದೆ ಹೋಗ್ತಾ ಕಾಲು ಜಾರೋ ಕಡೆ ಹೇಳ್ತಾ ಇದ್ದ. ಕುರ್ಚಿ ಕಾಲು ಕೆಸರಲ್ಲಿ ಇಳಿತದೆ ಅಂತ ಮಾವ ಎರಡು ಅಡಿಕೆ ದಬ್ಬೆ ತಂದು ಕೆಳಗೆ ಹಾಸಿದ್ರು. ಪೂಜೆಗೆ ಭತ್ತದ ಐದಾರು ತೆಂಡೆ ಸೇರಿಸಿ ಕಟ್ಟಿ ಹೂ ಮುಡಿಸಿ ಅರಿಶಿನ ಕುಂಕುಮ ಹಚ್ಚಿ ಅತ್ತೆ ಕೊರಳಿನ ಸರವನ್ನೇ ತೆಗೆದು ಭತ್ತಕ್ಕೆ ಹಾಕಿದ್ವಿ, ಪ್ರತಿ ವರ್ಷ ಅವರದ್ದೇ ಹಾಕೋದು. ಹೊಡೆ ಚೆನ್ನಾಗಿ ಬಂದಿದೆ, ಕೆಲವು ಕಡೆ ಕದಿರು ಇಣುಕ್ತಾ ಇದೆ.

ಕಾಗೆಗೆ ಎಡೆ ಇಟ್ಟು ಕಾದ್ವಿ. ಬರಲೇ ಇಲ್ಲ. 24 ಜನ ಹಸಿದು ನಿಂತಿದೀವಿ, ಮಕ್ಕಳು ಕಾ ಕಾ ಅಂತ ಕೂಗಿ ಗಂಟಲು ಕಟ್ಟಿತು. ಅರ್ಧ ತಾಸು ಆಗಿರಬೇಕು. ನಂಗೆ ಒಳಗೊಳಗೆ ನನ್ನ ಕೈ ಅಡುಗೆ ಸರಿ ಆಗಿಲ್ವೇನೋ ಅಂತ. ಕೊನೆಗೆ ಒಂದು ಬಂತು, ಕಡುಬು ಬಿಟ್ಟು ಪಲ್ಯ ಕಚ್ಚಿಕೊಂಡು ಹೋತು, ಅದರ ಹಿಂದೆ ನಾಲ್ಕೈದು ಬಂದ್ವು. ಆಮೇಲೆ ಒಂದು ಕಡುಬು ಗದ್ದೆಲಿ ಹೂತು ಗುರುತಿಗೆ ಕೋಲು ನೆಟ್ಟು, ಅಲ್ಲೇ ಸಾಲಾಗಿ ಕೂತು ಉಂಡ್ವಿ. ಉಪ್ಪು ಸರಿ ಇತ್ತು.

ತುಮರಿ ಹುಡುಗ, ನಿಮ್ಮಮ್ಮ ತವರಿಗೆ ಹೋದ್ರಾ?

ತುಮರಿ ಹುಡುಗ
8 ಅಕ್ಟೋಬರ್ 2025

ಹೋದ್ಲು. ಎಂಟೂವರೆಗೆ ಸೇತುವೆ ದಾಟಿದ್ವಿ. ಹಿನ್ನೀರು ಪೂರ್ತಿ ತುಂಬಿತ್ತು. ಮಧ್ಯದಲ್ಲಿ ಬೈಕ್ ನಿಲ್ಲಿಸು ಅಂದ್ಲು, ಕೆಳಗೆ ನೀರಿಗೆ ಒಂದು ಹಿಡಿ ಚರಗ ಬೀರಿದ್ಲು. ಅಜ್ಜಿ ಕಾಲದ ಗದ್ದೆ ಅದರೊಳಗೇ ಇದೆ.

ಹೊಸನಗರದವ, ಈಗ ಬೆಂಗಳೂರು
9 ಅಕ್ಟೋಬರ್ 2025

ಪಕ್ಕದ ಮನೆಯೋರು ನಾನು ಫೋನ್ ಮಾಡೋಕೆ ಮೊದ್ಲೇ ಅಮ್ಮಂಗೆ ಹೇಳಿದ್ರಂತೆ. ನಮ್ಮ ಗದ್ದೆ ಮುಗಿಯೋ ತನಕ ಬೀರಿದ್ರು ಅಂತ ಅಮ್ಮ ಬಾಗಿಲಲ್ಲಿ ನಿಂತು ನೋಡಿದಾಳೆ. ಸೊರಬದ ಅಕ್ಕ, ನಿಮ್ಮ ಋಣ ಮರೆಯಲ್ಲ.

ಗಣತಿ ಮೇಷ್ಟ್ರು
9 ಅಕ್ಟೋಬರ್ 2025

ಸಮೀಕ್ಷೆ ಮುಂದೆ ಹೋತು, ಸರ್ಕಾರಿ ಮತ್ತೆ ಅನುದಾನಿತ ಶಾಲೆಗಳಿಗೆ 18ರವರೆಗೆ ರಜೆ ಕೊಟ್ಟಿದಾರೆ. ಮಕ್ಕಳು ಮನೇಲೇ ಇರ್ತಾರೆ. ದಯವಿಟ್ಟು ದಿನಾ ಒಂದು ತಾಸಾದ್ರೂ ಓದಿಸಿ, ಅದರಲ್ಲೂ ಎಸ್ಸೆಸ್ಸೆಲ್ಸಿ ಮಕ್ಕಳನ್ನ. ತಮ್ಮ ಬುಟ್ಟಿ ಹೊತ್ತ, ನಾನು ಸಂಜೆ ಹೋಗಿ ಗದ್ದೆಲಿ ಕೈ ಮುಗಿದು ಬಂದೆ.

ಕೆರೆಕೈ ಸೊಸೆ
24 ಅಕ್ಟೋಬರ್ 2025

ದೊಡ್ಡಬ್ಬನೂ ಮುಗೀತು. 19ರ ರಾತ್ರಿ ಬೂರೆ ನೀರು ತುಂಬಿ, 22ಕ್ಕೆ ಗೋಪೂಜೆ. ಹುಡುಗರೆಲ್ಲ ಸೇರಿ ಅಕ್ಕಿ ಅಳೆಯೋ ಸಿದ್ದೆ ಜೇಡಿಮಣ್ಣಿಗೆ ಅದ್ದಿ ದನಗಳ ಮೈಮೇಲೆ ಮುದ್ರೆ ಒತ್ತಿದ್ರು, ಅಡಿಕೆ ಪಚ್ಚೆತೆನೆ ಚೆಂಡುಹೂ ಚಪ್ಪೆರೊಟ್ಟಿ ಪೋಣಿಸಿ ಸರ ಕಟ್ಟಿದ್ರು. ಕೊಟ್ಟಿಗೇಲಿ ಈಗ ಐದೇ ದನ, ಮಾವ ಹೇಳ್ತಾರೆ ಅವರು ಹುಡುಗರಾಗಿದ್ದಾಗ ಸರ ಕಟ್ಟೋಕೇ ಎರಡು ರಾತ್ರಿ ಬೇಕಿತ್ತು ಅಂತ. ರಾತ್ರಿ ಮನೆಮನೆಗೆ ಹಾಡ್ತಾ ಬರೋ ಅಂಟಿಗೆ ಪಂಟಿಗೆಯೋರು ಜ್ಯೋತಿ ಹಿಡ್ಕೊಂಡು ಬಂದ್ರು, ಅತ್ತೆ ಬಾಗಿಲ ಹತ್ರ ಕೂತಿದ್ರು, ಹಾಡಿನ ಕೊನೇ ಶಬ್ದ ಬಂದಾಗಲೆಲ್ಲ ತುಟಿ ಆಡ್ತಿತ್ತು. ಡಾಕ್ಟರ್ ಹೇಳಿದಾರೆ ಹಾಡು ಹೇಳಿಸಿ ಅಂತ, ಕೆಲವರಿಗೆ ಮಾತಿಗಿಂತ ಹಾಡು ಬೇಗ ಬರ್ತದಂತೆ. ದಿನಾ ಸಂಜೆ ಕಡೆಯವಳು ಕೂತು ಹೇಳಿಸ್ತಾ ಇದಾಳೆ.

ಬೆಂಗಳೂರಿನೋರು ಮೊನ್ನೆ ರಾತ್ರಿ ತಾಳಗುಪ್ಪ ರೈಲಿಗೆ ಹೋದ್ರು. ಮನೆ ಖಾಲಿ ಖಾಲಿ ಅನಿಸ್ತದೆ, 14 ಜನ ಇದ್ರೂನೂ. ತೋಟದಮನೆಯೋರೆ, ಕೊನೆ ಹಣ್ಣಾಗೋಕೆ ಬಿಡಬೇಡಿ ಅಂತ ನಮ್ಮೋರಿಗೆ ಅವಸರ, ಕೊನೆಗಾರ ಸೋಮವಾರ ಬರ್ತೀನಿ ಅಂದಿದಾನೆ, ಸ್ವಾತಿ ಮಳೆ ಬಿಡ್ತದಾ ನೋಡಬೇಕು.

ತೋಟದಮನೆ ತೀರ್ಥಹಳ್ಳಿ
24 ಅಕ್ಟೋಬರ್ 2025

ಅವಸರ ಮಾಡಬೇಡಿ ಅಂತ ಹೇಳಿ. ಕೊಯ್ದು ಸುಲಿದು ಬೇಯಿಸಿದ ಮೇಲೆ ಒಳ್ಳೆ ಬಿಸಿಲಿದ್ರೂ ಒಂದು ವಾರ ಒಣಗಬೇಕು, ಮೋಡ ಹಿಡಿದ್ರೆ ಬೂಷ್ಟು ಬಂದು ರಾಶಿ ಬಣ್ಣ ಹೋಗ್ತದೆ. ಚಪ್ಪರಕ್ಕೆ ಪ್ಲಾಸ್ಟಿಕ್ ಗೂಡು ಮಾಡಿದ್ರೆ ಕೊಯ್ಯಿ ಅನ್ನಿ, ಇಲ್ಲಾಂದ್ರೆ ಮೊದಲ ಕೊಯ್ಲು ಸ್ವಲ್ಪವೇ ಮಾಡಿ, ಹಂಡೆಲಿ ಅಡಿಕೆ ಬೇಯಿಸೋ ಚೊಗರು ನೀರು ಹದಕ್ಕೆ ಬರೋಕೂ ಅಷ್ಟು ಬೇಕು. ಸುಲಿಯೋಕೆ ಮಷೀನಿದ್ರೂ ಎರಡು ಮೆಟ್ಟುಗತ್ತಿ ಹರಿತ ಮಾಡಿಸಿಡಿ.

ಕೆರೆಕೈ ಸೊಸೆ
25 ಅಕ್ಟೋಬರ್ 2025

ಹೇಳಿದೆ, ಒಪ್ಪಿದ್ರು, ಮೊದ್ಲು ಮೇಲಿನ ತೋಟ ಮಾತ್ರ.

ಬುಟ್ಟಿ ಎರಡೂ ಒಲೆ ಮೇಲಿನ ಅಟ್ಟಕ್ಕೆ ಹೋದ್ವು. ಅರ್ಧ ಅಳಿಸಿದ ಏಣಿ ಹುಡುಗ ಸರಿ ಮಾಡ್ತೀನಿ ಅಂದ, ಅತ್ತೆ ಒಂದು ಸಲ ನೆಲ ತಟ್ಟಿದ್ರು, ಬರೋ ವರ್ಷ ಪೂರಾ ಒರೆಸಿ ಹೊಸದಾಗಿ ಬರೀಬೇಕು ಅಂತ. ಮತ್ತೆ ತುಮರಿ ಹುಡುಗ ತಂದ ಕಟ್ಟಲ್ಲಿ ಎರಡು ಗಿಡ ಬೇರು ಸಮೇತ ಇತ್ತು, ಹಿತ್ತಲಲ್ಲಿ ನೆಟ್ಟಿದ್ದೆ, ಒಂದು ಹಿಡಿದಿದೆ, ಮೊಗ್ಗು ಬಂದಿದೆ. ಬೀಜ ಬಲಿಯೋಕೆ ಇನ್ನೂ ಒಂದೂವರೆ ತಿಂಗಳು ಬೇಕು. ಯಾರಿಗೆ ಬೇಕು ಇಲ್ಲಿ ಹೇಳಿಡಿ, ಸಾಗರಕ್ಕೆ ಬಂದಾಗ ಕೊಡ್ತೀನಿ.

ಅಮಟೆಕಾಯಿ
25 ಅಕ್ಟೋಬರ್ 2025

ನಂಗೆ ಒಂದು ಮುಷ್ಟಿ ಎತ್ತಿಡಿ. ಮೊಮ್ಮಗ ಕೇಳ್ತಾ ಇದಾನೆ.